ಬೆರಳಿನಿಂದ ಕೇಳುವ ಷಡ್ಡಕರು

ಲೋಕದ ಜನರೆಲ್ಲ ಕಿವಿಯಿಂದ ಕೇಳಿದರೆ ನಮ್ಮ ಷಡ್ಡಕರು ಬೆರಳಿನಿಂದ ಕೇಳುತ್ತಾರೆ! ನಂಬಿಕೆ ಬರಲಿಲ್ಲವೇ? ಇವರು ನನ್ನ ಹೆಂಡತಿಯ ಅಕ್ಕನ ಗಂಡ. ಅರಕಲಗೂಡಿನವರು. ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಎದುರಿಗೆ ಯಾರಾದರೂ ಬಾಯಿ ತೆರೆದರೆ ಸಾಕು, ಇವರ ಹತ್ತು ಬೆರಳೂ ಸಿಕ್ಕಿದ್ದರ ಮೇಲೆ ಕುಣಿಯುತ್ತವೆ. ನನ್ನ ಮದುವೆಯಲ್ಲಿ ಪುರೋಹಿತರ ಮಂತ್ರವನ್ನೆಲ್ಲ ಮುಂದೆ ಕೂತವನ ಬೆನ್ನಿನ ಮೇಲೆ ಟೈಪ್ ಮಾಡಿದರು. "ಯಾಕ್ಸಾ ಕಚಗುಳಿ ಇಕ್ತೀರಿ?" ಎಂದು ಆ ಮನುಷ್ಯ ಎದ್ದು ಬೇರೆ ಕುರ್ಚಿಗೆ ಹೋದ!

ನಗಬೇಡಿ. ಇದೇ ಬೆರಳುಗಳು ನನ್ನ ಹೊಟ್ಟೆ ಉರಿಸಿವೆ.

ಹಾಸನದ ನಮ್ಮ ನಾಟಕ ತಂಡದಲ್ಲಿ ರಾಜನ ಪಾತ್ರ ನನ್ನದೇ. ಹೊಳೆನರಸೀಪುರದ ಪ್ರದರ್ಶನದಲ್ಲಿ ಷಡ್ಡಕರ ಪಕ್ಕ ಬಾಗೂರಿನ ಒಬ್ಬ ದರ್ಜಿ ಕೂತಿದ್ದ; ಅವತ್ತು ಹೆಂಡತಿಯ ಬಲವಂತಕ್ಕೆ ಒಳಗೆ ಬಂದಿದ್ದನಂತೆ. ಅವನಿಗೆ ಕಿವಿ ಕೇಳುವುದಿಲ್ಲ. ಉಳಿದವರ ಮುಖ ನೋಡಿ, ಅವರು ನಕ್ಕ ಮೇಲೆ ತಾನೂ ನಗುತ್ತಿದ್ದನಂತೆ. ಷಡ್ಡಕರು ಕರಪತ್ರದ ಹಿಂದೆ ಮಾತುಗಳನ್ನು ಬರೆದು ಬರೆದು ತೋರಿಸಿದರು. ಮುಂದಿನ ಸಲ ಲ್ಯಾಪ್‌ಟಾಪು, ಪ್ರೊಜೆಕ್ಟರು, ಒಂದು ಬಿಳಿ ಪಂಚೆ ಹೊತ್ತು ಬಂದೇಬಿಟ್ಟರು! ನಾವು ಆಡಿದ ಮಾತು ಆಡಿದಂತೆಯೇ ರಂಗದ ಪಕ್ಕದ ಪಂಚೆಯ ಮೇಲೆ ಅಕ್ಷರವಾಗಿ ಮೂಡುವುದು. ಬರಲಾಗದವರಿಗೆ ಅದೇ ಅಕ್ಷರಗಳೊಂದಿಗೆ ಮೊಬೈಲಿನಲ್ಲಿ ನೇರಪ್ರಸಾರ ಬೇರೆ.

"ಅಣ್ಣಾ, ಪುಸ್ತಕದಲ್ಲಿ ಇರೋದನ್ನೇ ಮೊದಲೇ ಹಾಕಿಟ್ಕೋಬಹುದಲ್ಲ?" ಎಂದೆ.

"ಪುಸ್ತಕದಲ್ಲಿ ಇರೋದ್ನ ನೀನ್ಯಾವತ್ತು ಆಡಿದ್ದೀಯ ಕಣಯ್ಯಾ?"

ಹಾಸನದ ಪ್ರದರ್ಶನದಲ್ಲಿ ನನಗೊಂದು ಮಾತು ಮರೆಯಿತು. ಮೀಸೆ ತಿರುವುತ್ತಾ ಗಂಭೀರವಾಗಿ ಅತ್ತಿತ್ತ ನಡೆದೆ. ಇಪ್ಪತ್ತು ವರ್ಷದಿಂದ ಯಾರಿಗೂ ಗೊತ್ತಾಗದ ಉಪಾಯ! ಆದರೆ ಸಭೆಯೆಲ್ಲ ಗೊಳ್ಳೆಂದಿತು. ತಿರುಗಿ ನೋಡಿದರೆ ಪಂಚೆಯ ಮೇಲೆ: (ಇಲ್ಲಿ ರಾಜರು ಮಾತು ಮರೆತಿದ್ದಾರೆ.)

"ಮಾನ ಕಳೆದ್ರಲ್ಲಣ್ಣಾ!"

"ಸುಳ್ಳು ದಾಖಲೆ ಮಾಡಾಕಾಗಕಿಲ್ಲ ಕಣಯ್ಯಾ."

ಮನೆಗೆ ಬಂದರೆ, ಮೊಬೈಲಿನಲ್ಲಿ ನಾಟಕ ನೋಡಿದ ನನ್ನ ಹೆಂಡತಿ ಹೇಳಿದಳು: "ಭಾವ ಒಂದು ಕಾಗುಣಿತಾನೂ ತಪ್ಪಿಲ್ಲ ಕಣ್ರೀ!" ನನ್ನ ಬಗ್ಗೆ? ಒಂದಕ್ಷರವಿಲ್ಲ. ಸಾಲಗಾಮೆಯ ಪ್ರದರ್ಶನದಲ್ಲಿ ಅವರಿಗೆ ಶಾಲು, ಹಾರ, ಮೈಸೂರು ಪೇಟ. ನನ್ನ ತಗಡಿನ ಕಿರೀಟದ ಪಕ್ಕ ಆ ಪೇಟ ಹೇಗೆ ಹೊಳೆಯುತ್ತಿತ್ತು ಅಂತೀರಿ!

ಆಮೇಲೆ ಒಂದು ದಿನ ಷಡ್ಡಕರು ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ನಿಜ ಹೇಳಲೇ? ನೋಡಲು ಹೊರಟವನು ಬಸ್ಸಿನಲ್ಲಿ ಹಾಡು ಗುನುಗುತ್ತಾ ಹೋದೆ.

ಚನ್ನರಾಯಪಟ್ಟಣದಲ್ಲಿ ಭಾನುವಾರ ಮಧ್ಯಾಹ್ನ ನಾಟಕ. ಮತ್ತೆ ನಾನೇ ರಾಜ! ಕಿರೀಟ ಇಟ್ಟುಕೊಂಡು ಪರದೆಯ ಸಂದಿಯಿಂದ ಇಣುಕಿದೆ. ಮೊದಲ ಸಾಲಿನಲ್ಲಿ ಬಾಗೂರಿನ ದರ್ಜಿ. ಈ ಸಲ ತನ್ನಂತೆಯೇ ಕಿವಿ ಕೇಳದ ಹತ್ತು ಹನ್ನೆರಡು ಜನರನ್ನು ಕರೆತಂದಿದ್ದ. ಎಲ್ಲರೂ, ಲ್ಯಾಪ್‌ಟಾಪು ಪ್ರೊಜೆಕ್ಟರುಗಳ ಜೊತೆ ತಂಡದ ಹುಡುಗರು ಎಂದಿನಂತೆ ತಂದು ಕಟ್ಟಿದ್ದ ಖಾಲಿ ಪಂಚೆಯನ್ನೇ ನೋಡುತ್ತಾ ಕೂತಿದ್ದರು. ದರ್ಜಿಯ ಹೆಂಡತಿ ನನ್ನ ಹತ್ತಿರ ಬಂದಳು. "ಟೈಪ್ ಸಾ ಬರಾಕಿಲ್ವಾ? ಮದ್ವೆ ಆದಾಗಿಂದ ನನ್ನ ನಾಟ್ಕುಕ್ ಬುಟ್ಟು, ತಾನು ಈಚೆ ಸೈಕಲ್ ತಾವ ಕೂತಿರೋರು ಸಾ. ಈಗೀಗ ಒಳೀಕ್ ಬತ್ತಾವ್ರೆ."

ನನಗೆ ಮುಖ ಎತ್ತಲಾಗಲಿಲ್ಲ. ತಂಡದಲ್ಲಿ ಅಷ್ಟಿಷ್ಟು ಕನ್ನಡ ಟೈಪಿಂಗ್ ಬರುವವನು ನಾನೊಬ್ಬನೇ. ರಾಜನಾಗಲು ಮಾತೆಲ್ಲ ಕಲಿತು ವರ್ಷಗಟ್ಟಲೆ ಕಾದಿದ್ದ ಮಂತ್ರಿಯ ತಲೆಗೆ ಕಿರೀಟ ಇಟ್ಟು, ಅಂಟಿಸಿದ ಮೀಸೆಯಲ್ಲೇ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತೆ.

ನಾಟಕ ಶುರುವಾಗಿ ಅರ್ಧ ಗಂಟೆಯಾಗಿರಬೇಕು. ಪಕ್ಕದ ಕುರ್ಚಿಗೆ ಯಾರೋ ಬಂದರು. ಷಡ್ಡಕರು! ಬಲಗೈಗೆ ಪ್ಲಾಸ್ಟರು, ಇಸ್ತ್ರಿ ಮಾಡಿದ ಅಂಗಿ.

"ಈ ಕೈಯಲ್ಲಿ ಯಾಕಣ್ಣಾ ಬರೋಕೋದ್ರಿ?" ಎಂದೆ.

"ಇಷ್ಟು ದಿನ ತಲೆ ಬಗ್ಗಿಸ್ಕೊಂಡು ಕುಟ್ತಾ ಇರ್ತಿದ್ದೆ. ನಿನ್ನ ಪಾರ್ಟ್ ಒಂದ್ಸಲಾನೂ ಕಣ್ತುಂಬ ನೋಡಿರ್ಲಿಲ್ಲ. ಕೈ ಮುರ್ದೈತಲ್ಲ, ಇವತ್ತಾದ್ರೂ ತಲೆ ಎತ್ತಿ ನೋಡವಾ ಅಂತ ಬಂದೆ." ರಂಗದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನೀನು ನೋಡಿದ್ರೆ ಇಲ್ಲಿ ಕುಂತ್ಬುಟ್ಟಿದ್ದೀಯಲ್ಲೋ ತಮ್ಮಾ!"

ಅಕ್ಷರಗಳೆಲ್ಲ ಮಂಜುಮಂಜಾದವು. ರಾಜನ ಎರಡು ಮಾತು ಪಂಚೆಗೆ ಬರದೇ ಹೋದವು. ಮೊದಲ ಸಾಲಿನಿಂದ ದರ್ಜಿ ಹಿಂದೆ ತಿರುಗಿ, ಬೇಗ ಬೇಗ ಎಂದು ನನಗೆ ಕೈಸನ್ನೆ ಮಾಡಿದ.