ದೊರೆ ಎಡಕ್ಕೆ, ನಾನು ಸಿಮೆಂಟಿಗೆ

ನಾಯಿಯನ್ನು ಎಡಗಾಲಿನ ಪಕ್ಕದಲ್ಲಿ ನಡೆಸುವುದು ನನಗೆ ಎಡಗೈ ಕೆಲಸ ಎಂದು ಹೆಂಡತಿಯೆದುರು ಘೋಷಿಸಿದ ಕಾಲದಲ್ಲಿ ನನಗೆ ತಲೆ ತುಂಬ ಕೂದಲಿತ್ತು. ಅದರಷ್ಟೇ ದಟ್ಟವಾಗಿ ಧೈರ್ಯವೂ ಇತ್ತು!

ಆಗ ನಾವು ಬಾಡಿಗೆ ಮನೆಯ ಮಹಡಿಯಲ್ಲಿದ್ದೆವು. ಕೆಳಗೆ ಮಾಲೀಕರು ಮತ್ತು ಅವರ ಬೆಕ್ಕು. ನಮ್ಮ ನಾಯಿಯ ಹೆಸರು ದೊರೆ. ಬೆಕ್ಕು ಕಂಡರೆ ಸಾಕು, ದೊರೆ ದಂಡಯಾತ್ರೆ ಹೊರಡುತ್ತಿದ್ದ. ಹಗ್ಗದ ಇನ್ನೊಂದು ತುದಿಯಲ್ಲಿ ಅವನ ಸಮಸ್ತ ಸೇನೆಯಾಗಿ ನಾನು. ಕೊನೆಗೊಂದು ದಿನ ಮಾಲೀಕರು ಮೆಟ್ಟಿಲು ಹತ್ತಿ ಬಂದರು.

"ಬರೋ ತಿಂಗಳ ಮೊದಲನೇ ಭಾನುವಾರ ಗೇಟಿಂದ ಮೆಟ್ಟಿಲವರೆಗೂ ನಡೆಸ್ಕೊಂಡು ಬನ್ನಿ. ನನ್ನ ಬೆಕ್ಕಿನ ಕಡೆ ತಿರುಗಿ ನೋಡದಿದ್ರೆ ಇರಲಿ. ನೋಡಿದ್ರೆ ಬೇರೆ ಮನೆ ಹುಡುಕಿ."

"ನಮಗೋ, ನಾಯಿಗೋ?" ಎಂದಳು ಹೆಂಡತಿ.

"ಅದು ನಿಮ್ಮಿಷ್ಟ ಕಣಮ್ಮ."

ಪೊಲೀಸ್ ನಾಯಿಗಳನ್ನು ಪಳಗಿಸಿ ನಿವೃತ್ತರಾಗಿದ್ದ ಹಿಂದಿನ ಬೀದಿಯ ಹಿರಿಯರು ಉಪಾಯ ಹೇಳಿಕೊಟ್ಟರು. ನಾಯಿ ಕಾಲಿಗಂಟಿಕೊಂಡು ನಡೆಯುತ್ತ ನಿಮ್ಮ ಮುಖವನ್ನೇ ನೋಡಬೇಕು. ಬಿಸ್ಕತ್ತಿನ ಚೂರನ್ನು ಗಲ್ಲದ ಹತ್ತಿರ ಹಿಡಿಯಿರಿ. ಕಣ್ಣಿಗೆ ಕಣ್ಣು ಸಿಕ್ಕ ತಕ್ಷಣ ಬಾಯಿಗೆ ಹಾಕಿ. ಯಾರ ಬಾಯಿಗೆ ಎಂದು ಅವರು ಬಿಡಿಸಿ ಹೇಳಿರಲಿಕ್ಕಿಲ್ಲ ಎಂಬುದು ಹೆಂಡತಿಯ ಅನುಮಾನ. ಡಬ್ಬ ಖಾಲಿಯಾಗುತ್ತಿದ್ದ ವೇಗ ಹಾಗಿತ್ತು.

ದೊರೆ ಮೊದಲು ಬಿಸ್ಕತ್ತು ನೋಡಿದ, ಆಮೇಲೆ ಕೈ ನೋಡಿದ, ಕೊನೆಗೆ ನನ್ನ ಮುಖಕ್ಕೆ ಬಂದ. ಬಂದವನು ಅಲ್ಲೇ ಬಿಡಾರ ಹೂಡಿದ. ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ, ಕತ್ತೆತ್ತಿಕೊಂಡೇ ಮೆರವಣಿಗೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ: ಅದುವರೆಗೆ ನನ್ನ ಮುಖವನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಲ್ಲ. ಕಚೇರಿಯಲ್ಲಿ ನಾನು ಬಾಯಿ ತೆರೆದರೆ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಮನೆಯಲ್ಲಿ ತೆರೆದರೆ ಹೆಂಡತಿ ಒಲೆ ನೋಡುತ್ತಿದ್ದಳು. ಇವನೋ, ಒಂದು ಕಿವಿ ಮಡಚಿ, ಹುಬ್ಬಿನ ಮೇಲಿನ ಕಂದು ಮಚ್ಚೆಯನ್ನು ಎತ್ತಿ, ನಾನೇ ದೊರೆ, ತಾನು ಮಂತ್ರಿ ಎಂಬಂತೆ ನೋಡುತ್ತಿದ್ದ. ಅಂಥ ನೋಟಕ್ಕೆ ಮರುನೋಟ ಕೊಡದೆ ಇರುವುದುಂಟೆ?

ಪರೀಕ್ಷೆಯ ಬೆಳಿಗ್ಗೆ ಕೊನೆಯ ತಾಲೀಮಿಗೆಂದು ಮೈದಾನಕ್ಕೆ ಹೋಗಿದ್ದವರು ನೇರವಾಗಿ ಗೇಟು ಹೊಕ್ಕೆವು. ಕಣ್ಣಿಗೆ ಕಣ್ಣು, ಹೆಜ್ಜೆಗೆ ಹೆಜ್ಜೆ. ಬೆಕ್ಕು ಬಾಲವೆತ್ತಿಕೊಂಡು ಪಕ್ಕದಲ್ಲೇ ಹೋಯಿತಂತೆ, ದೊರೆ ನೋಡಲಿಲ್ಲ. ನಾನೂ ನೋಡಲಿಲ್ಲ. ಮೇಲಿನಿಂದ ಹೆಂಡತಿ "ರೀ, ರೀ" ಎನ್ನುತ್ತಿದ್ದಳು, ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡೆ. ಮಾಲೀಕರ ಚಪ್ಪಾಳೆ ಕೇಳಿಸಿತು; ಮೆಚ್ಚುಗೆ ಎಂದುಕೊಂಡೆ. ನೆಲ ಯಾಕೋ ಮೆತ್ತಗಾಯಿತು. ಗೆದ್ದವನ ಕಾಲಿಗೆ ನೆಲ ಹೀಗೇ ಇರುತ್ತದೇನೋ ಎಂದು ಮತ್ತೂ ನಡೆದೆ!

ಚಪ್ಪಲಿ ಹಿಂದೆ ಉಳಿದು ಕಾಲು ಮಾತ್ರ ಮುಂದೆ ಬಂದಾಗ ಕೆಳಗೆ ನೋಡಿದೆ. ನಾವು ಹೊರಗಿದ್ದಾಗ ಗಾರೆಯವನು ಅಂಗಳಕ್ಕೆಲ್ಲ ಸಿಮೆಂಟು ಹಾಸಿ, ಕನ್ನಡಿಯಂತೆ ಸವರಿ, ಓಡಾಡಲು ಅಂಚಿಗೊಂದು ಹಲಗೆ ಇಟ್ಟು, ಟೀ ಕುಡಿಯಲು ಹೋಗಿದ್ದ. ಹಲಗೆಯ ಮೇಲೆ ನಡೆದದ್ದು ಬೆಕ್ಕೊಂದೇ.

ಮಾಲೀಕರು ಅಂಚಿಗೆ ಬಂದು ಹೆಜ್ಜೆಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಹೇಳಿದರು: "ನಾಯಿ ಪಾಸು. ಅದು ಇರಲಿ. ನಿಮ್ಮ ವಿಷಯ ಯೋಚನೆ ಮಾಡ್ಬೇಕು."

ಹಿಂದಿನ ಬೀದಿಯ ಹಿರಿಯರಿಗೂ ಸುದ್ದಿ ಮುಟ್ಟಿತು. "ನಾಯಿ ನಿಮ್ಮನ್ನ ನೋಡ್ಬೇಕು ಅಂದೆ. ನೀವು ದಾರಿ ನೋಡ್ಬೇಕು ಅಂತ ಬೇರೆ ಹೇಳ್ಬೇಕಿತ್ತಾ?"

ಗಾರೆಯವನು ಸರಿಮಾಡಲು ಹೊರಟರೆ ಮಾಲೀಕರೇ ತಡೆದರಂತೆ, ಬಂದವರಿಗೆ ತೋರಿಸಲು ಬೇಕು ಎಂದು.

ದೊರೆ ಹೋಗಿ ಎಷ್ಟೋ ವರ್ಷಗಳಾದವು. ಮೊನ್ನೆ ಆ ಬೀದಿಗೆ ಹೋದಾಗ ಗೇಟು ತೆರೆದಿತ್ತು. ಅಂಗಳದಲ್ಲಿ ಅವನ ಹೆಜ್ಜೆಗಳು ಹಾಗೇ ಇದ್ದವು, ಗೆರೆ ಎಳೆದಂತೆ, ನನ್ನ ಎಡಗಾಲಿಗೆ ಒತ್ತಿಕೊಂಡು. ಹೆಂಡತಿ ಬಗ್ಗಿ ಒಂದು ಗುರುತಿನೊಳಗೆ ಬೆರಳಿಟ್ಟಳು. "ಓಲಾಡಿರೋದು ನಿಮ್ಮ ಹೆಜ್ಜೆ ಮಾತ್ರ" ಎಂದಳು. ದನಿ ಸ್ವಲ್ಪ ಒದ್ದೆಯಾಗಿತ್ತು.

ಹೊರಡುವಾಗ ಅವಳು ನನ್ನ ಎಡಗೈ ಹಿಡಿದುಕೊಂಡಳು. ನಡೆಯುತ್ತಲೇ ತಿರುಗಿ ಅವಳ ಮುಖವನ್ನೇ ನೋಡಿದೆ.

"ಮುಖ ಆಮೇಲೆ ನೋಡಿ" ಎಂದಳು. "ಮುಂದೆ ಮೆಟ್ಟಿಲಿದೆ."