ಪಕ್ಕದ ಹೊಲದ ಬೇವು

ಊರಿಗೆಲ್ಲ ಬುದ್ಧಿ ಹೇಳುವ ನೌಕರಿಯಷ್ಟು ಸುಖದ್ದು ಇನ್ನೊಂದಿಲ್ಲ. ಹೇಳಿದ್ದನ್ನು ತಾನೂ ಮಾಡಬೇಕೆಂಬ ಕರಾರು ಅದರಲ್ಲಿ ಇರುವುದಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ನನಗೆ ಅಂಥದ್ದೇ ನೌಕರಿಯಿತ್ತು. ಹುನಗುಂದದ ಸುತ್ತಲಿನ ಹಳ್ಳಿಗಳಿಗೆ ಸರಕಾರಿ ಸಸಿಗಳನ್ನು ಒಯ್ದು, ಬದುವಿನ ಮೇಲೆ ಮರ ಬೆಳೆಸಿರೆಂದು ರೈತರಿಗೆ ಉಪದೇಶಿಸುವುದು. ನನ್ನ ಭಾಷಣಕ್ಕೆ ನನಗೇ ಕಣ್ಣು ತುಂಬಿ ಬರುತ್ತಿತ್ತು. ರೈತರು ಮಾತ್ರ ಸಸಿ ಇಸಿದುಕೊಂಡು, ಚಹಾ ಕುಡಿಸಿ ಕಳಿಸುತ್ತಿದ್ದರು. ಸಸಿ ಆಮೇಲೆ ಏನಾಯಿತೆಂದು ನಾನೂ ಕೇಳುತ್ತಿರಲಿಲ್ಲ.

ಎರಡೆಕರೆ ಹೊಲದ ಯಲ್ಲವ್ವ ಮಾತ್ರ ಹಾಗೆ ಬಿಡುವವಳಲ್ಲ. "ಸಾಹೇಬ್ರ, ನಿಮ್ಮ ಹೊಲದಾಗ ಎಷ್ಟ ಗಿಡ ಅದಾವ್ರಿ?" ಎಂದಳು. "ಇಪ್ಪತ್ತು" ಎಂದುಬಿಟ್ಟಿತು ನನ್ನ ಹಾಳು ಬಾಯಿ. "ನನ್ನ ತವರಮನಿ ನಿಮ್ಮ ಬಾಜೂ ಊರಾಗ ಐತ್ರಿ. ಎಳ್ಳಮವಾಸಿಗೆ ಬಂದ ನೋಡ್ತೇನಿ. ಖರೆ ಇದ್ರ ನಾನೂ ಹಚ್ಚತೇನಿ, ನನ್ನ ನೋಡಿ ಓಣಿ ಮಂದೀನೂ ಹಚ್ಚತಾರ."

ಆಯಿತಲ್ಲ ಫಜೀತಿ! ಅವಳೊಬ್ಬಳು ಒಪ್ಪಿದರೆ ಊರೇ ಒಪ್ಪುತ್ತಿತ್ತು. ಆ ಭಾನುವಾರವೇ ಊರಿಗೆ ಹೋಗಿ ನಮ್ಮ ಹೊಲದ ಬದುವಿನ ಮೇಲೆ ಇಪ್ಪತ್ತು ಸಸಿ ನೆಟ್ಟು ಬಂದೆ. ಮುಂದಿನ ವಾರ ಹೋದರೆ ಒಂದೂ ಇಲ್ಲ. ಅಪ್ಪ ಕಸದ ಜೊತೆ ಎಲ್ಲವನ್ನೂ ಕಿತ್ತು ಒಗೆದಿದ್ದ. "ಲೇ ತಮ್ಮಾ, ನೆರಳಿಗೆ ಜ್ವಾಳ ಏಳೂದಿಲ್ಲ. ಗಿಡದಾಗ ಹಕ್ಕಿ ಕುಂತು ತೆನಿ ಖಾಲಿ ಮಾಡ್ತಾವ. ಇರೂದ ಮೂರ ಎಕರೆ, ನಾವೇನ ನೆರಳ ತಿಂದ ಬದುಕೂದೇನು?"

ಎಳ್ಳಮವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಅಡಿಗೆಯ ಚರಗ ಚೆಲ್ಲಿ, ಅಲ್ಲೇ ಉಣ್ಣುತ್ತೇವೆ. ಪ್ರತಿ ವರ್ಷದಂತೆ ಪಕ್ಕದ ಹೊಲದ ಸಂಗಪ್ಪನ ಬೇವಿನ ಕೆಳಗೆ ಜಮಖಾನೆ ಹಾಸಿ ಕೂತಿದ್ದಾಗ ಯಲ್ಲವ್ವ ಬಂದೇ ಬಂದಳು. ನಾನು ಎದ್ದು, "ನೋಡವಾ ಯಲ್ಲವ್ವ, ಇದ ನಮ್ಮ ಗಿಡ. ಉಳಿದದ್ದು ಅತ್ತಾಗ ಅದಾವ" ಎಂದು ಕೈ ಬೀಸಿದೆ.

ಅಪ್ಪ ಕಡಬು ಅಗಿಯುವುದನ್ನು ನಿಲ್ಲಿಸಿದ. "ಇದು ಸಂಗಪ್ಪಂದಲೇ! ನಮ್ಮದರಾಗ ಒಂದೂ ಇಲ್ಲವಾ ತಂಗಿ. ಉಣ್ಣಾಕ ಅಷ್ಟ ಇಲ್ಲಿ ಬರ್ತೇವಿ."

ಯಲ್ಲವ್ವ ನಗಲಿಲ್ಲ. ಕೂತು, ಸಜ್ಜೆರೊಟ್ಟಿ ಪುಂಡಿಪಲ್ಯ ಉಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು. "ಗಿಡ ಭಾಳ ಚಲೋ ಖರೆರಿ, ಸಾಹೇಬ್ರ. ನನ್ನ ಬಾಜೂ ಹೊಲದವಗ ಇಪ್ಪತ್ತ ಸಸಿ ಕೊಡ್ರಿ!"

ಮುಂದಿನ ಮಳೆಗಾಲಕ್ಕೆ ನಮ್ಮ ಹೊಲದಲ್ಲೂ ಒಂದು ಬೇವು ನೆಟ್ಟೆ. ಬಡಗಣ ಬದುವಿನ ಮೇಲೆ ನೆಟ್ಟರೆ ಹಿಂಗಾರಿ ಜೋಳದ ಹೊತ್ತಿನಲ್ಲಿ ಸೂರ್ಯ ತೆಂಕಣಕ್ಕೆ ವಾಲಿ ನೆರಳು ಪೂರಾ ಆಚೆ ಸಂಗಪ್ಪನ ಹೊಲಕ್ಕೆ ಬೀಳುತ್ತದೆ ಎಂದು ಅಪ್ಪನಿಗೆ ವಿವರಿಸಿದ್ದೇ ತಡ, ಅವನೇ ಸಸಿಗೆ ಮುಳ್ಳುಬೇಲಿ ಕಟ್ಟಿದ. ಇಡೀ ನೌಕರಿಯಲ್ಲಿ ನನ್ನ ಉಪದೇಶ ಕೇಳಿ ಬೆಳೆದ ಮರ ಅದೊಂದೇ.