ಕಲ್ಲು ಕೈಗೆ ಬಂದಾಗ

ಎಲ್ಲ ಅನಾಹುತಕ್ಕೂ ಕಾರಣ ನಲವತ್ತು ಕುರ್ಚಿಗಳು.

ಪ್ರಾರ್ಥನಾ ಮಂದಿರದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ‘ಆಲಿಸುವ ಬಳಗ’ ಸೇರುತ್ತಿತ್ತು. ಏಳೆಂಟು ಜನ ದುಂಡಗೆ ಕೂರುವುದು, ಒಂದು ನುಣುಪಾದ ಕಲ್ಲು ಕೈಯಿಂದ ಕೈಗೆ ದಾಟುವುದು. ಕಲ್ಲು ಹಿಡಿದವರು ಮನಸ್ಸಿನ ಭಾರ ಇಳಿಸಬೇಕು. ಉಳಿದವರು ತುಟಿ ಪಿಟಕ್ಕೆನ್ನದೆ ಕೇಳಬೇಕು. ಬುದ್ಧಿ ಹೇಳುವಂತಿಲ್ಲ, ಕೇಳಿದ್ದನ್ನು ಹೊರಗೆ ಬಾಯಿಬಿಡುವಂತಿಲ್ಲ. ಹೇಳಿಕೊಳ್ಳಲು ಏನೂ ಇಲ್ಲದವರು ಕೊನೆಗೆ ಮಂದಿರದ ಕುರ್ಚಿಗಳನ್ನೆಲ್ಲ ಮಡಚಿಡಬೇಕು. ಮನಸ್ಸು ಹಗುರವಿದ್ದವರು ಕೈಯಲ್ಲಾದರೂ ಭಾರ ಹೊರಲಿ ಎಂಬುದು ಬಳಗ ನಡೆಸುವ ನಿವೃತ್ತ ಹೆಡ್‌ಮಾಸ್ತರರ ನ್ಯಾಯ.

ಗಡಿಯಾರ ರಿಪೇರಿಯವನಿಗೆ ದುಃಖವೇ ಇರಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಹೆಂಡತಿ ಒಂದು ದಿನ ಎದುರಾಡಿದವಳಲ್ಲ. ಹೀಗಾಗಿ ಮೂರು ವಾರ ಒಂದೇ ಸಮನೆ ಕುರ್ಚಿ ಹೊತ್ತು ಅವನ ಸೊಂಟ ಹಿಡಿದುಹೋಗಿತ್ತು. ಸೊಂಟನೋವನ್ನೇ ಹೇಳಿಕೊಂಡರೆ, “ಅದನ್ನ ಡಾಕ್ಟರಿಗೆ ಹೇಳಿ” ಎಂದಿದ್ದರು ಮಾಸ್ತರು.

ನಾಲ್ಕನೆಯ ವಾರ ಕಲ್ಲು ಕೈಗೆ ಬಂತು. ಹೆಂಡತಿ ಮಂದಿರಕ್ಕೆ ಬರುವವಳಲ್ಲ. ಅವನು ಧೈರ್ಯ ಮಾಡಿದ.

“ನನ್ನ ಹೆಂಡ್ತಿ ಮನೇಲಿದಾಳೆ, ಅವಳ ಮನಸ್ಸು ಮನೇಲಿಲ್ಲ. ನಾವಿಬ್ರೂ ಮನಸ್ಸು ಬಿಚ್ಚಿ ಮಾತಾಡಿ ವರ್ಷಗಳೇ ಆದ್ವು,” ಎಂದು ಗಂಟಲು ಕಟ್ಟಿದವನಂತೆ ನಟಿಸಿದ.

ಬಳಗದಲ್ಲಿದ್ದ ನರ್ಸಮ್ಮ ಕಣ್ಣೊರೆಸಿಕೊಂಡರು. ಕುರ್ಚಿಗಳು ಬೇರೆ ಯಾರದೋ ಪಾಲಾದವು. ಅವನು ಸಿಳ್ಳೆ ಹಾಕುತ್ತ ಅಂಗಡಿಗೆ ಹೋದ.

ಇಳಿಹೊತ್ತಿಗೆ ನರ್ಸಮ್ಮ ಅಂಗಡಿಯ ಮುಂದೆ ನಿಂತರು. “ಯಾರಿಗೂ ಏನೂ ಹೇಳಿಲ್ಲಪ್ಪ, ನಿಯಮ ಅಂದ್ರೆ ನಿಯಮ. ಆದ್ರೆ ಅವಳ ಮಾತೂ ಕೇಳ್ಬೇಕಲ್ಲ? ಮಾಸ್ತರು ಎಲ್ಲರನ್ನೂ ಕರ್ಕೊಂಡು ನಿಮ್ಮನೆಗೆ ಹೊರಟಾಯ್ತು.”

“ನಮ್ಮನೇಲಿ ಕೂರೋಕೆ ಎರಡೇ ಕುರ್ಚಿ ಇರೋದು!” ಅವನಿಗೆ ತೋಚಿದ ಆಕ್ಷೇಪಣೆ ಅದೊಂದೇ.

“ಗಾಡೀಲಿ ಮಂದಿರದ್ದೇ ಹೇರ್ಕೊಂಡು ಹೋಗಿದಾರೆ.”

ಅವನು ಅಂಗಡಿ ತೆರೆದಿಟ್ಟೇ ಓಡಿದ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ದುಂಡಗೆ ಕುರ್ಚಿಗಳು. ನಡುವೆ ಹೆಂಡತಿ, ಅವಳ ಕೈಯಲ್ಲಿ ಕಲ್ಲು.

“ಅದು ಸುಳ್ಳು ಕಣೇ! ಆ ಕುರ್ಚಿ ಕಾಟಕ್ಕೆ—”

“ಶ್! ಕಲ್ಲು ಅವರ ಕೈಲಿದೆ,” ಎಂದರು ಮಾಸ್ತರು. ಏಳು ಜನ ಅವನನ್ನು ಕೆಕ್ಕರಿಸಿ ನೋಡಿದರು.

ಹೆಂಡತಿ ನಿಧಾನವಾಗಿ ಹೇಳಿದಳು. “ನಾನು ಎದುರಾಡಲ್ಲ ಅಂತ ಇವರಿಗೆ ಹೆಮ್ಮೆ. ಎದುರಾಡೋಕೆ ಎದುರಿಗೆ ಒಬ್ರು ಇರ್ಬೇಕಲ್ಲ? ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸ್ಕೊಂಡೇ ಊಟಕ್ಕೆ ಕೂರ್ತಾರೆ. ಹೋದ ವರ್ಷ, ಅಮ್ಮಂಗೆ ತುಂಬಾ ಸೀರಿಯಸ್ಸಂತೆ ರೀ ಅಂದೆ. ಗಿರಾಕಿಗೆ ಹೇಳೋ ಥರ ‘ಗುರುವಾರ ಬರ್ಲಿ, ರೆಡಿ ಮಾಡಿಟ್ಟಿರ್ತೀನಿ’ ಅಂದ್ರು.”

ಯಾರೂ ನಗಲಿಲ್ಲ. ಅವನಿಗೆ ಅದು ನೆನಪೂ ಇರಲಿಲ್ಲ.

“ಅಕ್ಕನ ಮನೆಗೆ ಹೋಗ್ಬಿಡೋಣ ಅಂತ ಐದು ವರ್ಷದಿಂದ ಅನ್ಕೊಂಡಿದೀನಿ. ಏನೂ ಗೊತ್ತಿಲ್ಲದ ಮನುಷ್ಯ, ಕುಸಿದುಹೋಗ್ತಾರೆ ಅಂತ ಸುಮ್ಮನಿದ್ದೆ. ಇವತ್ತು ನೀವೆಲ್ಲ ಬಾಗಿಲಲ್ಲಿ ನಿಂತಾಗ ನಿಮ್ಮ ಮುಖ ನೋಡೇ ತಿಳೀತು, ಇವರೇ ಹೇಳ್ಕೊಂಡಿದಾರೆ ಅಂತ.” ಅವಳು ಗಂಡನ ಕಡೆ ತಿರುಗಿದಳು. ಎಷ್ಟೋ ವರ್ಷಗಳ ಮೇಲೆ ಪ್ರೀತಿಯಿಂದ ನೋಡಿದಳು. “ನಿಮಗೂ ಗೊತ್ತಿತ್ತಲ್ಲ ರೀ. ನನ್ನ ದೊಡ್ಡ ಹೊರೆ ಇಳೀತು.”

ಕಲ್ಲನ್ನು ಅವನ ಅಂಗೈಗಿಟ್ಟು, ಒಳಗಿನಿಂದ ಚೀಲ ತಂದು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಚೀಲ ತುಂಬಿ ಎಷ್ಟು ದಿನವಾಗಿತ್ತೋ, ಮೇಲೆ ಧೂಳು ಕೂತಿತ್ತು.

ಈಗ ಅವನಿಗೂ ದುಃಖವಿತ್ತು, ಅಪ್ಪಟ ನಿಜದ್ದು. ಕಲ್ಲೂ ಕೈಯಲ್ಲಿತ್ತು. ಬಾಯಿ ತೆರೆದ; ದನಿ ಹೊರಡಲಿಲ್ಲ.

ಮಾಸ್ತರು ತಮ್ಮ ಕೈಗಡಿಯಾರ ನೋಡಿಕೊಂಡರು. ಹೋದ ತಿಂಗಳಷ್ಟೇ ಅವನೇ ರಿಪೇರಿ ಮಾಡಿಕೊಟ್ಟದ್ದು. “ಸಂಜೆ ಪ್ರಾರ್ಥನೆಗೆ ಹೊತ್ತಾಯ್ತು,” ಎಂದು ಅವನ ಕೈಯಿಂದ ಕಲ್ಲು ಮೆಲ್ಲನೆ ಬಿಡಿಸಿಕೊಂಡರು. “ಗಡಿಯಾರದವರೇ, ಇವತ್ತು ಇಲ್ಲಿ ಕಲ್ಲು ಹಿಡಿದೂ ಏನೂ ಹೇಳದವರು ನೀವೊಬ್ರೇ. ಕುರ್ಚಿ ಮಡಚಿ ಮಂದಿರಕ್ಕೆ ತಂದ್ಬಿಡಿ.”

ಎಲ್ಲರೂ ಹೋದರು. ಮೊದಲನೆಯ ಕುರ್ಚಿಗೆ ಬಗ್ಗಿದಾಗ ಅವನ ಸೊಂಟ ಛಳಕ್ಕೆಂದಿತು. “ಅಯ್ಯೋ, ಸ್ವಲ್ಪ ಎಣ್ಣೆ ತಗೊಂಬಾರೇ,” ಎಂದು ಅಭ್ಯಾಸಬಲದಿಂದ ಕೂಗಿದ.